ಕಟ್ಟಿಹಾಕಿದ ಕುದುರೆ

ಸಡಾದಿಂದ ವೆರ್ಣಾದ ಕೈಗಾರಿಕಾ ಪ್ರದೇಶಕ್ಕೆ ಹೋಗುವ ನಮ್ಮ ಕಂಪನಿ ಬಸ್ಸಿನ ಡ್ರೈವರ್ ವಿಜಯಪುರದ ಕಡೆಯವರು. ಅವರು ಪುಸ್ತಕ ಮುಟ್ಟಿದವರಲ್ಲ. ಆದರೆ ಅವರ ಹಿಂದಿನ ಸೀಟಿನಲ್ಲಿ ಕೂತು ನಾನು ಓದುತ್ತಿದ್ದ ಮಾಯಾಲೋಕದ ಕಾದಂಬರಿಗಳ ಕಥೆಯನ್ನೆಲ್ಲ ಹೇಳಿಸಿಕೊಳ್ಳುತ್ತಿದ್ದರು. ಯುದ್ಧ, ಮಂತ್ರ, ಶಾಪ ಎಲ್ಲ ಕೇಳಿದ ಮೇಲೆ ಕನ್ನಡಿಯಲ್ಲೇ ಹುಬ್ಬೇರಿಸುತ್ತಿದ್ದರು.

"ಅದಿರ್ಲಿ ಬಿಡ್ರಿ ಮೇಡಂ, ಆ ಡ್ರ್ಯಾಗನ್ ದಿನಾ ಏನ್ ತಿಂತೈತ್ರಿ?"

ಒಂದು ಬೆಳಿಗ್ಗೆ ದಪ್ಪ ಕಾದಂಬರಿಯೊಂದರ ಕೊನೆ ಹೇಳಿದೆ. ರಾಜಕುಮಾರಿ ಬೆಟ್ಟ ಹತ್ತಿ ಮಾಂತ್ರಿಕನನ್ನು ಕೊಂದಳು, ಡ್ರ್ಯಾಗನ್ ಬೆನ್ನೇರಿ ಹಾರಿಬಂದು ಪಟ್ಟವೇರಿದಳು.

"ಅದಿರ್ಲಿ ಬಿಡ್ರಿ ಮೇಡಂ. ಗುಡ್ಡದ ಬುಡಕ್ಕ ಕುದುರಿ ಕಟ್ಟಿ ಹೋಗಿದ್ಲಲ್ರಿ, ಅದನ್ನ ಯಾರ್ ಬಿಚ್ಚಿದ್ರಿ?"

ನನಗೆ ನೆನಪಾಗಲಿಲ್ಲ. ಕೂತಲ್ಲೇ ಕೊನೆಯ ಅಧ್ಯಾಯಗಳನ್ನು ತಿರುವಿಹಾಕಿದೆ.

"ಯಾರೂ ಬಿಚ್ಚಿಲ್ರಿ," ಎಂದೆ.

ಬಸ್ಸು ವೆರ್ಣಾ ತಲುಪಿತು. ಎಲ್ಲರೂ ಇಳಿದ ಮೇಲೆ, ಅವರು ದಿನವೂ ಮಾಡುವಂತೆ, ಬಸ್ಸಿನ ಹಿಂಬದಿಯವರೆಗೆ ನಡೆದು, ಯಾರಾದರೂ ನಿದ್ದೆಹೋಗಿ ಉಳಿದಿದ್ದಾರೆಯೇ ಎಂದು ಒಂದೊಂದೇ ಸೀಟನ್ನು ಬಗ್ಗಿ ನೋಡಿದರು.

ಅವರು ಕೆಲಸ ಬಿಟ್ಟು ಊರಿಗೆ ಹೋಗಿ ಎಷ್ಟೋ ದಿನವಾಯಿತು. ಈಗಲೂ ಕಾದಂಬರಿಯ ಕೊನೆಯ ಸಾಲು ಓದಿದೊಡನೆ ಪುಸ್ತಕ ಮುಚ್ಚಲು ನನಗೆ ಧೈರ್ಯವಾಗುವುದಿಲ್ಲ. ಹಿಂದಕ್ಕೆ ಹೋಗಿ ಕುದುರೆಯನ್ನು ಹುಡುಕುತ್ತೇನೆ.