ಕ್ರಮಸಂಖ್ಯೆ ಆರು: ಕೂಸು

ಕಳೆದ ತಿಂಗಳು ಒಂದು ಬೆಳಿಗ್ಗೆ ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಯಾರ ಮನೆಯಿಂದಲೋ ಬಾಣಂತಿಗೆ ಹಾಕುವ ಹೊಗೆಯ ವಾಸನೆ ಬಂತು. ಕೆಂಡದ ಮೇಲೆ ಲೋಬಾನ, ಬೆಳ್ಳುಳ್ಳಿ ಸಿಪ್ಪೆ, ಚಿಟಿಕೆ ಅಜವಾನ. ತಲೆಗೆ ನೀರು ಹಾಕಿಸಿಕೊಂಡ ತಾಯಿಯ ಕೂದಲನ್ನೂ ಕೂಸಿನ ಬಟ್ಟೆಯನ್ನೂ ಆ ಹೊಗೆಯಲ್ಲಿ ಆರಿಸುತ್ತಾರೆ. ನೀವಾಗಿದ್ದರೆ ಒಂದು ಕ್ಷಣ ನಿಂತು, ಗಂಡೋ ಹೆಣ್ಣೋ ಎಂದು ವಿಚಾರಿಸುತ್ತಿದ್ದಿರಿ. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ. ಮುಚ್ಚಿದ ಮೇಲೂ ಬಹಳ ಹೊತ್ತು ಚಿಲಕವನ್ನು ಹಿಡಿದುಕೊಂಡೇ ನಿಂತಿದ್ದೆ. ಒಳ್ಳೆಯ ವಾಸನೆಗೆ ಕಿಟಕಿ ಮುಚ್ಚುವ ಹೆಂಗಸಿನ ಬಗ್ಗೆ ನಿಮಗೆ ಸಂಶಯ ಬರುವುದು ಸಹಜ. ಆದುದರಿಂದ ಕಾರಣವನ್ನು ನಾನೇ ಹೇಳಿಬಿಡುತ್ತೇನೆ.

ನಾನು ಇಪ್ಪತ್ತೆರಡು ವರ್ಷ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ಮಂಡಿನೋವಿನಿಂದಾಗಿ ಅವಧಿಗೆ ಮೊದಲೇ ಕೆಲಸ ಬಿಟ್ಟೆ. ಶಾಲೆಯ ಅಭ್ಯಾಸಗಳು ಮಾತ್ರ ನನ್ನನ್ನು ಬಿಡಲಿಲ್ಲ. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದ ಬಳಿಕವೇ ನಾನು ಮುಹೂರ್ತ ಯಾವಾಗ ಎಂದು ನೋಡುವುದು. ಓಣಿಯವರೊಂದಿಗೂ ಪುಸ್ತಕದ ಕನ್ನಡದಲ್ಲೇ ಮಾತಾಡುತ್ತೇನೆಂದು ಎಲ್ಲರ ದೂರು. ತರಕಾರಿಯವನು ಒಮ್ಮೆ, “ಅಮ್ಮಾರ, ನೀವು ಬದನಿಕಾಯಿ ಕೇಳಿದ್ರೂ ಪರೀಕ್ಷಾ ಬರದಂಗ ಆಗತೈತ್ರಿ” ಎಂದಿದ್ದ. ಆಗ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನಮ್ಮ ಮನೆಯಲ್ಲಿ ಎರಡು ಪೋರ್ಷನ್. ಮುಂದಿನದರಲ್ಲಿ ನಾನು ಮತ್ತು ಬ್ರೂಸ್‌ಪೇಟೆಯ ಕಾಳಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಯಜಮಾನರು. ಹಿಂದಿನ ಎರಡು ಖೋಲಿಗಳನ್ನು ಬಾಡಿಗೆಗೆ ಕೊಟ್ಟಿದ್ದೆವು. ಮನೆ ಎರಡಾದರೂ ಕರೆಂಟಿನ ಮೀಟರು ಒಂದೇ, ನಳ ಒಂದೇ, ಸಂಪಿನಿಂದ ನೀರೆತ್ತುವ ಮೋಟಾರೂ ಒಂದೇ. ಬೇರೆ ಮೀಟರು ಹಾಕಿಸಬೇಕೆಂದರೆ ಅರ್ಜಿ, ಠೇವಣಿ, ಓಡಾಟ. ನಲವತ್ತೆಂಟು ಮಕ್ಕಳ ತರಗತಿಯನ್ನು ನಿಭಾಯಿಸಿದವಳಿಗೆ ನಾಲ್ಕು ಜನರ ಲೆಕ್ಕ ಯಾವ ದೊಡ್ಡದು? ಬಿಲ್ಲನ್ನು ತಲೆಲೆಕ್ಕದಲ್ಲಿ ಹಂಚುವುದೆಂದು ನಿಶ್ಚಯಿಸಿದೆ. ಅದಕ್ಕಾಗಿ ಶಾಲೆಯಲ್ಲಿದ್ದಂಥದೇ ಉದ್ದನೆಯ ಹಾಜರಿ ಪುಸ್ತಕವೊಂದನ್ನು ಕೊಂಡು ತಂದೆ. ಎಡಗಡೆ ಕ್ರಮಸಂಖ್ಯೆ, ಹೆಸರು. ಬಲಗಡೆ ತಿಂಗಳ ದಿನಗಳಿಗೆ ಗೆರೆ ಎಳೆದ ಮೂವತ್ತೊಂದು ಮನೆಗಳು. ಇದ್ದವರಿಗೆ ‘ಹಾ’, ಇಲ್ಲದವರಿಗೆ ‘ಗೈ’. ಮೂರು ದಿನಕ್ಕಿಂತ ಹೆಚ್ಚು ಉಳಿದ ನೆಂಟರಿಗೆ ಹೊಸ ಕ್ರಮಸಂಖ್ಯೆ. ನಿಯಮಗಳನ್ನು ಶುದ್ಧ ಅಕ್ಷರದಲ್ಲಿ ಬರೆದು ಹಿಂದಿನ ಪೋರ್ಷನ್ನಿನ ಬಾಗಿಲ ಹಿಂದೆ ಅಂಟಿಸಿದೆ.

ಈ ಏರ್ಪಾಟಿಗೆ ಸಿಕ್ಕವರು ಎರ್ರಿಸ್ವಾಮಿ ಮತ್ತು ಲಿಂಗಮ್ಮ. ಆತ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಸ್ತ್ರಿ. ಆಕೆ ಮನೆಯಲ್ಲಿಯೇ ಕುಳಿತು ಪ್ಯಾಂಟುಗಳ ದಾರ ಕತ್ತರಿಸಿ ಗುಂಡಿ ಹಚ್ಚುತ್ತಿದ್ದಳು. ಒಬ್ಬಳೇ ಮಗಳು ಗಾಯತ್ರಿಯನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಲಿಂಗಮ್ಮ ನನ್ನ ಪುಸ್ತಕವನ್ನು ಒಂದು ತಮಾಷೆಯಾಗಿ ಸ್ವೀಕರಿಸಿದಳು. “ಟೀಚರಮ್ಮಾರ, ಕುರುಗೋಡಿಂದ ನಮ್ಮಣ್ಣ ಬಂದಾನ್ರಿ. ಬರಕೊಳ್ರಿ ಮತ್ತ, ಆಮ್ಯಾಲೆ ಮರ್ತೀರಿ!” ಎಂದು ತಾನೇ ಬಾಗಿಲಿಗೆ ಬಂದು ಹೇಳುವಳು. ಅಣ್ಣ ನಾಲ್ಕನೆಯ ದಿನ ಬೆಳಿಗ್ಗೆ ಬಸ್ಸಿಗೆ ಹೊರಡುವುದನ್ನು ನಾನು ಕಟ್ಟೆಯ ಮೇಲೆ ನಿಂತು ನೋಡಿ, ಮೂರಕ್ಕೆ ಸೇರಿಸುವುದೋ ನಾಲ್ಕಕ್ಕೆ ಸೇರಿಸುವುದೋ ಎಂದು ಯೋಚಿಸುತ್ತಿದ್ದೆ.

ಯಜಮಾನರಿಗೆ ಈ ಪುಸ್ತಕ ಕಂಡರಾಗದು. “ಅಲ್ಲಲೇ, ಗ್ವಾಡಿ ಮ್ಯಾಲಿನ ಹಲ್ಲಿ ಒಂದು ಉಳೀತು ನೋಡು. ಅದನ್ನೂ ಬರಕೋ. ದಿನಾ ನಮ್ಮ ಟ್ಯೂಬ್‌ಲೈಟಿನ ಕೆಳಗ ಅದರ ಊಟ” ಎನ್ನುವರು. ಒಂದು ಬೇಸಿಗೆಯಲ್ಲಿ ಅವರ ತಂಗಿ ಮಕ್ಕಳೊಂದಿಗೆ ಬಂದು ಒಂದು ತಿಂಗಳು ಇದ್ದಳು. ಬಳ್ಳಾರಿಯ ಬೇಸಿಗೆ ನಿಮಗೆ ತಿಳಿದದ್ದೇ. ಕೂಲರು ಹಗಲಿರುಳು ತಿರುಗಿತು. “ನನ್ನ ತಂಗಿ ಮಕ್ಕಳ್ನ ಬರದೀಯೇನು?” ಎಂದು ಅವರು ಕೇಳಿದರು. “ಅವರು ಮನೆಯವರು” ಎಂದೆ. ಆ ತಿಂಗಳ ಬಿಲ್ಲಿನಲ್ಲಿ ಅರ್ಧವನ್ನು ಲಿಂಗಮ್ಮ ಸೆರಗಿನ ಗಂಟು ಬಿಚ್ಚಿ ಕೊಟ್ಟು ಹೋದಳು. ಕೂಲರಿನ ಸದ್ದು ಆಕೆಗೆ ಕೇಳಿಸಿರಲಿಲ್ಲವೆಂದು ನಾನು ನಂಬಿದೆ, ಅಥವಾ ನಂಬಿದಂತೆ ಮಾಡಿದೆ. ಎಂಟು ಹತ್ತು ದಿನಕ್ಕೊಮ್ಮೆ ನಳದಲ್ಲಿ ನೀರು ಬಂದಾಗ, ನಾನು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ನಮ್ಮ ಡ್ರಮ್ಮುಗಳನ್ನು ಮೊದಲು ತುಂಬಿಸಿ ಬಳಿಕ ತನ್ನವನ್ನು ತುಂಬಿಸಿಕೊಳ್ಳುತ್ತಿದ್ದವಳು ಆಕೆಯೇ. ಅದನ್ನು ಬರೆಯಲು ನನ್ನ ಪುಸ್ತಕದಲ್ಲಿ ಮನೆಯೇ ಇರಲಿಲ್ಲ.

ಗಾಯತ್ರಿ ಬಸುರಿಯಾಗಿ ಏಳು ತಿಂಗಳಾದಾಗ ಲಿಂಗಮ್ಮ ನನ್ನ ಒಪ್ಪಿಗೆ ಕೇಳಲು ಬಂದಳು. ಯಾವಾಗಲೂ ಹೊಸ್ತಿಲಲ್ಲಿ ನಿಂತೇ ಮಾತಾಡುವವಳು ಅಂದು ಒಳಗೆ ಬಂದು ಕುಳಿತಳು.

“ಬೀಗರದು ದೊಡ್ಡ ಮನಿ ಐತ್ರಿ, ಗದ್ದಿ ಐತಿ. ‘ಎರಡು ಖೋಲ್ಯಾಗ ಏನು ಬಾಣಂತನ ಮಾಡ್ತೀರಿ, ಹುಡುಗಿ ಇಲ್ಲೇ ಇರಲಿ’ ಅಂದ್ರು. ನಾನೇ ಹಟ ಹಿಡದೀನ್ರಿ. ಚೊಚ್ಚಲ ಬಾಣಂತನ ತವರ್ಮನ್ಯಾಗ ಆಗಬೇಕಲ್ರಿ? ಐದು ತಿಂಗಳು ಇಟ್ಕೊಂಡು, ಕೂಸಿನ್ನ ತೊಟ್ಲಾಗ ಹಾಕಿ, ಹೆಸರಿಟ್ಟು ಕಳಸ್ತೀನಿ ಅಂತ ಮಾತು ಕೊಟ್ಟೀನಿ. ನನ್ನ ಕಡಿಂದ ಆಕೀಗೆ ಕೊಡಾಕ ಬ್ಯಾರೆ ಏನೈತ್ರಿ? ನೀವು ಹ್ಞೂಂ ಅನ್ರಿ ಟೀಚರಮ್ಮಾರ.”

ಹೂಂ ಎಂದೆ. ಸಂತೋಷದಿಂದಲೇ ಎಂದೆ. ಆಕೆ ಎದ್ದು ಹೋದ ಮೇಲೆ ಪುಸ್ತಕ ತೆರೆದು ‘ಕ್ರಮಸಂಖ್ಯೆ ಐದು: ಗಾಯತ್ರಿ’ ಎಂದು ಬರೆದೆ.

ಹೆಣ್ಣು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾನೂ ಹೋಗಿ ನೋಡಿ, ಕೂಸಿನ ಕೈಗೆ ನೂರು ರೂಪಾಯಿ ಮುಟ್ಟಿಸಿ ಬಂದೆ. ಮರುದಿನದಿಂದ ಬಚ್ಚಲಲ್ಲಿ ಹೀಟರಿನ ಕೆಲಸ ಆರಂಭವಾಯಿತು. ಬಾಣಂತಿಗೆ ಎರಡು ಹೊತ್ತು ಸುಡು ಸುಡು ನೀರು, ಕೂಸಿಗೆ ಬೇರೆ. ಬಾಣಂತಿಯ ಖೋಲಿಯಲ್ಲಿ ಕತ್ತಲಾಗಬಾರದೆಂದು ರಾತ್ರಿಯಿಡೀ ಬಲ್ಬು. ನಾನು ಅಂಗಳಕ್ಕೆ ಹೋದಾಗಲೆಲ್ಲ ಮೀಟರಿನ ಅಂಕಿ ನೋಡುವುದನ್ನು ರೂಢಿಸಿಕೊಂಡೆ. ಬಿಲ್ಲು ಬಂದಾಗ ಮೊತ್ತ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಪುಸ್ತಕ ತೆಗೆದುಕೊಂಡು ಕುಳಿತೆ. ಕೂಸಿಗಿನ್ನೂ ಹೆಸರಿಟ್ಟಿರಲಿಲ್ಲ. ಆದುದರಿಂದ ‘ಕ್ರಮಸಂಖ್ಯೆ ಆರು: ಕೂಸು’ ಎಂದು ಬರೆದು, ಮನೆಗೆ ಬಂದ ದಿನದಿಂದ ಒಂದೊಂದು ದಿನದ ಮನೆಯಲ್ಲೂ ‘ಹಾ’ ಎಂದು ತುಂಬಿದೆ. ಪೂರ್ಣ ತಲೆಯೆಂದು ಎಣಿಸುವುದು ನ್ಯಾಯವಲ್ಲವೆಂದು ಅರ್ಧ ಹಾಕಿದೆ. ನನ್ನ ಔದಾರ್ಯದ ಬಗ್ಗೆ ನನಗೇ ತೃಪ್ತಿಯಾಯಿತೆಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ.

ಪುಸ್ತಕವನ್ನು ಹಿಡಿದು ಹಿಂದಿನ ಪೋರ್ಷನ್ನಿಗೆ ಹೋದೆ. ಅಂದು ಗಾಯತ್ರಿಯ ಅತ್ತೆ ಸಿರುಗುಪ್ಪದಿಂದ ಬಂದಿದ್ದರು. ತೊಟ್ಟಿಲಿನ ದಿನ ಗೊತ್ತುಮಾಡಲು ಬಂದವರು, ಜಮಖಾನೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಇಲ್ಲಿ ನೀವು ಸ್ವಲ್ಪ ನಿಲ್ಲಬೇಕು. ಬೀಗತಿ ಕುಳಿತಿರುವುದನ್ನು ನಾನು ಬಾಗಿಲಿನಿಂದಲೇ ಕಂಡೆ. ಹಿಂದಿರುಗಿ ಸಂಜೆ ಬರಬಹುದಿತ್ತು. ಹಿಂದಿರುಗಲಿಲ್ಲ. ಕೇಳುವವರು ಹೆಚ್ಚಾದರೆ ದನಿ ತಾನಾಗಿ ಏರುವುದು ತರಗತಿಯಲ್ಲಿ ಬಂದ ಚಟ. ನಿಂತಲ್ಲಿಯೇ ಪುಸ್ತಕ ಬಿಡಿಸಿ, ಕ್ರಮವಾಗಿ, ಸ್ಪಷ್ಟವಾಗಿ ಓದಿದೆ, ಕೊನೆಗೆ, “ಕ್ರಮಸಂಖ್ಯೆ ಐದು, ಗಾಯತ್ರಿ. ಕ್ರಮಸಂಖ್ಯೆ ಆರು, ಕೂಸು.”

ಲಿಂಗಮ್ಮ ನಕ್ಕಳು. “ನೋಡ್ರಿ ಬೀಗರ, ನಮ್ಮ ಟೀಚರಮ್ಮಾರು ಹೆಂಗ ಚ್ಯಾಷ್ಟಿ ಮಾಡ್ತಾರ! ಅದಿನ್ನೂ ಕಣ್ಣು ಪೂರಾ ಬಿಟ್ಟಿಲ್ಲ, ಬಿಲ್ಲು ಎಲ್ಲಿಂದ ಕಟ್ಟತೈತ್ರಿ?”

“ಚೇಷ್ಟೆಯಲ್ಲ ಲಿಂಗಮ್ಮ. ಕೂಸಿಗೂ ಎರಡು ಹೊತ್ತು ನೀರು ಕಾಯುತ್ತದೆ. ರಾತ್ರಿಯೆಲ್ಲ ದೀಪ ಉರಿಯುತ್ತದೆ. ಅರ್ಧ ಮಾತ್ರ ಹಾಕಿದ್ದೇನೆ.”

ಬೀಗತಿ ಚಹಾದ ಲೋಟವನ್ನು ಕೆಳಗಿಟ್ಟರು. “ಏನವ್ವಾ ಲಿಂಗಮ್ಮ, ನಮ್ಮ ಕೂಸು ಬೆಳಕಿನ್ಯಾಗ ಮಲಗಿದ್ದಕ್ಕ ರೊಕ್ಕ ಕೇಳ್ತಾರೇನು?”

“ಇಲ್ರಿ ಬೀಗರ, ಅದು ಹಂಗಲ್ಲ... ಅವ್ರು ಎಲ್ಲಾ ಬರದಿಡ್ತಾರ್ರಿ, ಅಷ್ಟೇ...”

“ಮೊದಲೇ ಹೇಳಿದ್ವಿ. ಮಂದಿ ಮನ್ಯಾಗ ಬಾಣಂತನ ಬ್ಯಾಡ ಅಂತ ಬಡಕೊಂಡ್ವಿ.”

ಗೋಡೆಗೆ ಒರಗಿ ಕುಳಿತಿದ್ದ ಗಾಯತ್ರಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು, ನಾನು ಎಲ್ಲಿ ಮತ್ತೊಮ್ಮೆ ಎಣಿಸುತ್ತೇನೋ ಎಂಬಂತೆ. ಲಿಂಗಮ್ಮನ ಮುಖದಲ್ಲಿ ನಗು ಇನ್ನೂ ಉಳಿದಿತ್ತು; ಅದನ್ನು ಎಲ್ಲಿಡಬೇಕೆಂದು ಆಕೆಗೆ ತಿಳಿಯಲಿಲ್ಲ. ನಾನು ಅವರ ಪಾಲಿನ ಮೊತ್ತ ಬರೆದಿದ್ದ ಚೀಟಿಯನ್ನು ಹೊಸ್ತಿಲ ಮೇಲಿಟ್ಟು ಬಂದೆ.

ಸಂಜೆ ಎರ್ರಿಸ್ವಾಮಿ ಪೂರ್ತಿ ಹಣ ತಂದು ಕಟ್ಟೆಯ ಮೇಲಿಟ್ಟು ಹೋದ. ಊಟಕ್ಕೆ ಕುಳಿತಾಗ ಯಜಮಾನರು ಕೇಳಿದರು: “ಲೆಕ್ಕ ಸರಿ ಐತೇನು?” ಸರಿಯಿದೆ ಎಂದೆ. “ಹಂಗಾದ್ರ ಮುಗೀತು ಬಿಡು” ಎಂದು ತಟ್ಟೆಯ ಮುಂದಿನಿಂದ ಎದ್ದರು. ತಟ್ಟೆಯಲ್ಲಿ ಎರಡು ರೊಟ್ಟಿ ಹಾಗೆಯೇ ಉಳಿದಿದ್ದವು.

ಮೂರನೆಯ ದಿನ ಬಾಗಿಲಿಗೆ ಕಾರು ಬಂತು. ಹೆತ್ತು ತಿಂಗಳೂ ತುಂಬದ ಬಾಣಂತಿಯನ್ನು ಅತ್ತೆ ಕರೆದುಕೊಂಡು ಹೊರಟಿದ್ದರು. ಗಾಯತ್ರಿ ಕಿವಿಗೆ ಸ್ಕಾರ್ಫು ಬಿಗಿದುಕೊಂಡು, ಕೂಸಿನ ಬಟ್ಟೆಯೊಳಗೆ ಬೇವಿನ ಸೊಪ್ಪು ಸಿಕ್ಕಿಸಿಕೊಂಡು ಹೊರಗೆ ಬಂದಳು. ಲಿಂಗಮ್ಮ ಮಗಳು ಮಲಗುವ ಹೊರಸಿಗೆ ಹಾಸಿದ್ದ ಹಳೆಯ ಸೀರೆಗಳ ಗಂಟನ್ನೂ ಬಾಣಂತಿ ಖಾರದ ಪುಡಿ ಡಬ್ಬಿಯನ್ನೂ ಕಾರಿನಲ್ಲಿಟ್ಟಳು. ಕಾರು ತಿರುವು ದಾಟಿದ ಮೇಲೆ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ನಾನು ಸಿದ್ಧಳಾಗಿ ನಿಂತಿದ್ದೆ.

“ಕೂಸಿನ ಹೆಸರು ಹೊಡದು ಹಾಕ್ರಿ ಟೀಚರಮ್ಮಾರ. ಇವತ್ತಿಂದ ಗೈರು.”

ಅಷ್ಟೇ ಹೇಳಿದಳು. ತಿಂಗಳ ಕೊನೆಗೆ ಪೋರ್ಷನ್ ಖಾಲಿ ಮಾಡಿ, ನೆಲ ಒರೆಸಿ, ಕೀಲಿ ಕೊಟ್ಟು, ಕುರುಗೋಡಿನ ಅಣ್ಣನ ಮನೆಯ ಮೇಲಿನ ಖೋಲಿಗೆ ಹೋದರು. ತೊಟ್ಟಿಲು ಸಿರುಗುಪ್ಪದಲ್ಲಿ ಆಯಿತಂತೆ. ಲಿಂಗಮ್ಮ ನಾಲ್ಕು ಜನ ನೆಂಟರೊಳಗೆ ತಾನೊಬ್ಬಳಾಗಿ ಹೋಗಿ ಬಂದಳಂತೆ.

ಆ ರಾತ್ರಿಗಳಲ್ಲಿ ನಾನು ಲೆಕ್ಕವನ್ನು ಮೂರು ಸಲ ಪರಿಶೀಲಿಸಿದೆ. ತಪ್ಪು ಸಿಗಲೆಂದೇ ಹುಡುಕಿದೆ. ಸಿಕ್ಕಿದ್ದರೆ ತಿದ್ದಬಹುದಿತ್ತು, ಹೋಗಿ ಹೇಳಬಹುದಿತ್ತು, ಮನಸ್ಸು ಹಗುರವಾಗುತ್ತಿತ್ತು. ಲೆಕ್ಕ ಪೈಸೆಗೆ ಪೈಸೆ ಸರಿಯಾಗಿತ್ತು. ಹಾಗಾಗಿ ಕ್ಷಮೆ ಕೇಳುವ ದಾರಿ ತಿಳಿಯದೆ ವರ್ಷಗಳನ್ನು ಕಳೆದೆ. ಬಾಣಂತಿಯನ್ನು ಹೊರಗೆ ಹಾಕಿದ ಮನೆಯೆಂದು ಓಣಿಯಲ್ಲಿ ಹೆಸರಾದುದರಿಂದ ಹಿಂದಿನ ಪೋರ್ಷನ್ನಿಗೆ ಬಂದವರು ಯಾರೂ ನಿಲ್ಲಲಿಲ್ಲ. ಈಗಂತೂ ಮನೆಬಳಕೆಯ ಕರೆಂಟಿಗೆ ಸರಕಾರ ಒಂದು ಮಿತಿಯವರೆಗೆ ಹಣವನ್ನೇ ಕೇಳುವುದಿಲ್ಲ. ನಮ್ಮಿಬ್ಬರ ಹೆಸರಿಗೆ ಪ್ರತಿ ತಿಂಗಳೂ ಸೊನ್ನೆಯ ಬಿಲ್ಲು ಬರುತ್ತದೆ. ಹಂಚಲು ಏನೂ ಇಲ್ಲ, ಹಂಚಿಕೊಳ್ಳುವವರೂ ಇಲ್ಲ.

ಕಿಟಕಿ ಮುಚ್ಚಿದ ದಿನ ಯಜಮಾನರು ನನ್ನನ್ನು ನೋಡುತ್ತ ಕುಳಿತಿದ್ದರು. “ಎರ್ರಿಸ್ವಾಮಿ ಅಂಗಡೀಗೆ ಬಂದಿದ್ದ” ಎಂದರು. “ಮಗಳಿಗೆ ಮತ್ತ ದಿನ ತುಂಬ್ಯಾವಂತ. ಇದನ್ನೂ ಸಿರುಗುಪ್ಪದಾಗೇ ಮಾಡ್ತಾರಂತ. ತಾಯಿ ಮನ್ಯಾಗ ಜಾಗ ಎಲ್ಲೈತಿ ಅಂದ.”

ಅದರ ಮುಂದಿನ ಭಾನುವಾರ ನಾನು ಕುರುಗೋಡಿನ ಬಸ್ಸು ಹತ್ತಿದೆ. ಹೇಳಬೇಕಾದುದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿದೆ, ತಿದ್ದಿದೆ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಾಗ ಜೋಡಿಸಿದ್ದರಲ್ಲಿ ಒಂದು ವಾಕ್ಯವೂ ಉಳಿದಿರಲಿಲ್ಲ.

“ಅಯ್ಯ, ಟೀಚರಮ್ಮಾರ! ಇಂಥಾ ಬಿಸಿಲಾಗ ಬಂದೀರಿ, ಬರ್ರಿ ಬರ್ರಿ” ಎಂದು ಲಿಂಗಮ್ಮ ಚಾಪೆ ಹಾಸಿ, ಫ್ಯಾನು ಹಚ್ಚಿ, ತಣ್ಣನೆಯ ನೀರು ಕೊಟ್ಟಳು. ಕೂದಲು ನೆರೆತಿತ್ತು. ನೀರು ಕುಡಿದವಳೇ ಹೇಳಿದೆ: “ತಪ್ಪು ನನ್ನದು, ಲಿಂಗಮ್ಮ. ಹಿಂದಿನ ಪೋರ್ಷನ್ ಖಾಲಿ ಇದೆ. ಗಾಯತ್ರಿಯನ್ನು ಅಲ್ಲಿಗೆ ಕರೆದುಕೊಂಡು ಬನ್ನಿ. ಐದು ತಿಂಗಳು ಇರಲಿ. ಬಾಡಿಗೆ ಬೇಡ, ಬಿಲ್ಲು ಬೇಡ. ಸಿರುಗುಪ್ಪಕ್ಕೂ ನಾನೇ ಹೋಗಿ ನಿಮ್ಮ ಬೀಗರಿಗೆ ಹೇಳುತ್ತೇನೆ.”

ಆಕೆ ಖಾಲಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಅದರ ಅಂಚನ್ನು ಸೆರಗಿನಿಂದ ಒರೆಸಿದಳು.

“ನೀವು ಬರಿಯಂಗಿಲ್ಲ, ನನಗ ಗೊತ್ತೈತ್ರಿ” ಎಂದಳು. “ಆದ್ರ ನಾನು ಎಣಸ್ತೀನ್ರಿ. ಹೀಟರ್ ಹಾಕಿದಾಗೊಮ್ಮೆ ಎಣಸ್ತೀನಿ, ಕೂಸು ಅತ್ತು ಲೈಟ್ ಹಚ್ಚಿದಾಗೊಮ್ಮೆ ಎಣಸ್ತೀನಿ. ಹಂಗ ಎಣಿಸ್ಕೊಂತ ಬಾಣಂತನ ಮಾಡಾಕ ಬರಂಗಿಲ್ರಿ ಟೀಚರಮ್ಮಾರ. ಸಿರುಗುಪ್ಪದಾಗೇ ಆಗಲಿ ಬಿಡ್ರಿ. ಅಲ್ಲಿ ಹುಡುಗಿ ನಿಶ್ಚಿಂತಿ ಇರ್ತಾಳ.”

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಚಹಾ ಮಾಡುತ್ತೇನೆಂದಳು, ಮಾಡಿದಳು, ಕುಡಿದೆ. ನಾನು ಎದ್ದು ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ಆಕೆಯ ಕೈ ಗೋಡೆಯ ಸ್ವಿಚ್ಚಿಗೆ ಹೋಗಿತ್ತು. ಫ್ಯಾನು ನಿಧಾನವಾಗುತ್ತ ಬಂದು ನಿಂತಿತು. ನಾವಿಬ್ಬರೂ ಇನ್ನೂ ಖೋಲಿಯೊಳಗೇ ಇದ್ದೆವು.

“ರೂಢಿ ಆಗೈತ್ರಿ” ಎಂದು ನಾಚಿಕೊಂಡು, ಮತ್ತೆ ಹಚ್ಚಲು ಕೈ ಎತ್ತಿದಳು. ಬೇಡವೆಂದೆ.

ಇಂದಿಗೆ ಹತ್ತು ದಿನಗಳಾದವು. ಖೋಲಿಯಿಂದ ಹೊರಗೆ ಹೋಗುವಾಗ ನನ್ನ ಕೈಯೂ ಎಂದಿನಂತೆ ಸ್ವಿಚ್ಚಿನ ಕಡೆಗೆ ಏಳುತ್ತದೆ. ಎದ್ದ ಕೈ ಅಲ್ಲಿಯೇ ನಿಂತುಬಿಡುತ್ತದೆ. “ಯಾಕ, ಏನಾತು?” ಎಂದು ಯಜಮಾನರು ಕೇಳುತ್ತಾರೆ. ಏನಿಲ್ಲ ಎನ್ನುತ್ತೇನೆ. ಯಾರೂ ಇಲ್ಲದ ಖೋಲಿಯಲ್ಲಿ ದೀಪ ಉರಿಯುತ್ತಲೇ ಇರುತ್ತದೆ.