ಮಹಡಿ ಮನೆಯ ಹಾಲು

ನನ್ನ ತಮ್ಮ ಸಂಸಾರ ಸಮೇತ ಬರುತ್ತಾನೆ ಎಂದದ್ದು ಸುಳ್ಳು, ಜೂನು. ಯಾರೂ ಬರುವವರಿರಲಿಲ್ಲ. ತುಂಬು ಬಸುರಿಯಾಗಿದ್ದ ನಿನ್ನನ್ನೂ ನಿನ್ನ ಗಂಡನನ್ನೂ ಚನ್ನರಾಯಪಟ್ಟಣದ ನಮ್ಮ ಮಹಡಿ ಮನೆಯಿಂದ ಎಬ್ಬಿಸಲು ಕಟ್ಟಿದ ಮಾತು ಅದು. ಆರೇಳು ವರ್ಷವಾಯಿತು — ಯಾರಿಗೂ ಹೇಳಿಲ್ಲ.

ನಾನು ನರ್ಸಾಗಿ ಎರಡು ದೇಶಗಳ ಅನ್ನ ಉಂಡವಳು. ಹೊಸ ಮನೆ ಹೊಕ್ಕರೆ ಮೊದಲು ಹಾಲು ಉಕ್ಕಿಸಬೇಕೆಂದು ಅಜ್ಜಿ ಹೇಳಿಕೊಟ್ಟದ್ದನ್ನು ಎಲ್ಲಿಯೂ ಬಿಡಲಿಲ್ಲ. ಕುವೈತಿನಲ್ಲಿ ಉಕ್ಕಿಸಿದಾಗ ಯಾರೂ ತಿರುಗಿ ನೋಡಲಿಲ್ಲ. ನಮ್ಮ ಕೈ ಬೇಕಿತ್ತು, ಕೆಲಸ ಮುಗಿದರೆ ಹೋಗುವವರೆಂದು ಅವರಿಗೂ ಗೊತ್ತಿತ್ತು — ಪ್ರೀತಿಯೂ ಇಲ್ಲ, ಭಯವೂ ಇಲ್ಲ. ಐರ್ಲೆಂಡಿನಲ್ಲಿ ಹಾಲು ಸೀದು, ಹೊಗೆಗೆ ಅಲಾರಂ ಬಡಿದುಕೊಂಡು, ಮನೆಯೊಡತಿ ಮುದುಕಿ ಓಡಿ ಬಂದಳು. ಬೈಯಲಿಲ್ಲ. ನಿಂತೇ ಒಂದು ಲೋಟ ಕುಡಿದು, ತನ್ನ ಹಿರಿಯರೂ ಹೊಟ್ಟೆಗಿಲ್ಲದೆ ಹಡಗು ಹತ್ತಿದವರೇ ಎಂದಳು. ಅದೇ ಬೀದಿಯಲ್ಲಿ ‘ನಿನ್ನ ದೇಶಕ್ಕೆ ಹೋಗು’ ಎಂದ ಹುಡುಗರೂ ಇದ್ದರು. ಅವರಿಗೇ ಆ ಊರಲ್ಲಿ ಬಾಡಿಗೆ ಮನೆ ಸಿಕ್ಕಿರಲಿಲ್ಲ, ಆ ಸಿಟ್ಟು ನಮ್ಮ ಮೇಲೆ.

ಹೊರಗಿನವರನ್ನು ಒಂದು ದೇಶ ಕರೆದು ಕೂರಿಸುತ್ತದೆ, ಇನ್ನೊಂದು ಬಾಗಿಲು ಹಾಕುತ್ತದೆ, ಯಾಕೆ ಎಂದು ಮಹಿಳಾ ಸಂಘದಲ್ಲಿ ಕೇಳಿದಾಗಲೆಲ್ಲ ಇದನ್ನು ಬಣ್ಣಿಸಿ ಹೇಳಿದ್ದೇನೆ. ನಿನ್ನ ಕಥೆಯನ್ನು ಮಾತ್ರ —

ಅಸ್ಸಾಮಿನಿಂದ ತೆಂಗಿನಕಾಯಿ ಮಂಡಿಯ ಕೆಲಸಕ್ಕೆ ಬಂದಿದ್ದಿರಿ. ಮನೆ ಕೊಟ್ಟವಳು ನಾನೇ. ಮೊದಲ ಬೆಳಿಗ್ಗೆಯೇ, ಯಾರು ಹೇಳಿಕೊಟ್ಟಿದ್ದರೋ, ನೀನು ಹಾಲು ಉಕ್ಕಿಸಿ ಲೋಟ ಹಿಡಿದು ನನ್ನ ಬಾಗಿಲಿಗೆ ಬಂದೆ.

“ಅಕ್ಕಾ, ಆಲು ಕುಡೀರಿ ಕಣಕ್ಕ.”

ಮಂಡಿಯ ಹೆಂಗಸರಿಂದ ಕಲಿತ ನಮ್ಮೂರ ಮಾತು! ನಾನು ನಗುತ್ತಾ ಲೋಟ ಇಸಕೊಂಡೆ. ಎದುರು ಮನೆಯ ಪುಟ್ಟಮ್ಮ ರಂಗೋಲಿ ಬಿಡುತ್ತಲೇ ತಲೆ ಎತ್ತಿದರು.

“ಏನ್ ಸಿಸ್ಟರಮ್ಮ, ಯಾರ ಪೈಕಿ ಇವ್ರು? ಆಧಾರು ಗೀಧಾರು ನೋಡುದ್ರೋ, ಸುಮ್ಕೆ ಮನೆ ತುಂಬುಸ್ಕಂಡ್ಬುಟ್ರೋ?”

ಬೀದಿ ನಲ್ಲಿಯ ಬಳಿ ನಿಂತವರು ನಕ್ಕರು.

“ನಂಗೇನ್ ಗೊತ್ತು? ನಾಕ್ ದಿನ ಇದ್ದು ಓಯ್ತಾರೆ ಬುಡಿ” ಎಂದೆ.

ನಿನಗೆ ಅರ್ಥವಾಯಿತು. ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಒಳಗೆ ಹೋಗಿ ಹಾಲನ್ನು ಬಚ್ಚಲಿಗೆ ಸುರಿದೆ. ಸಂಜೆಗೆ ತಮ್ಮ ಬರುತ್ತಾನೆಂಬ ಸುಳ್ಳು ಹೇಳಿದೆ. ನನ್ನನ್ನು ಯಾರೂ ಹೆದರಿಸಿರಲಿಲ್ಲ. ಪರದೇಶದಿಂದ ಮರಳಿದವಳಿಗೆ ಬೀದಿಯವರಿಂದ ‘ನಮ್ಮೋಳು’ ಎನ್ನಿಸಿಕೊಳ್ಳಬೇಕಿತ್ತು, ಅಷ್ಟೆ.

ನೀನು ಜಗಳವಾಡಲಿಲ್ಲ. ನಿಮ್ಮ ಸಂಸಾರವೆಲ್ಲ ಒಂದೇ ಆಟೋದಲ್ಲಿ ಹಿಡಿಸಿತು. ಮಗು ಎಲ್ಲಿ ಹುಟ್ಟಿತೋ, ಹೆರಿಗೆ ಸಲೀಸಾಯಿತೋ — ನರ್ಸಾದ ನಾನು ವಿಚಾರಿಸಲಿಲ್ಲ.

ಈ ಶುಕ್ರವಾರ ಸಂಘದಲ್ಲಿ ಮತ್ತೆ ನನ್ನಿಂದಲೇ ಮಾತಾಡಿಸುತ್ತಾರಂತೆ. ಈ ಸಲ ಕುವೈತಿನಿಂದಲ್ಲ, ನಮ್ಮ ಮಹಡಿ ಮನೆಯಿಂದ ಶುರು ಮಾಡುತ್ತೇನೆ. ಪುಟ್ಟಮ್ಮ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.