ಕೆಂಪು ಚುಕ್ಕಿಯ ಮಗು

ಹಾಸನದಲ್ಲಿ ಚೌಕಾಸಿ ಮಾಡಿ ಕೊಂಡ ಸಾಫ್ಟ್‌ವೇರು ಅದು. ಹೊಳೆನರಸೀಪುರದ ನನ್ನ ಶಿಶುವಿಹಾರದ ಮಕ್ಕಳು ನಡೆದದ್ದು, ನುಡಿದದ್ದು, ಉಂಡದ್ದೆಲ್ಲ ಅದರಲ್ಲಿ ಹಸಿರು ಇಲ್ಲವೇ ಕೆಂಪು ಚುಕ್ಕಿಯಾಗುತ್ತಿತ್ತು. ಹರದನಹಳ್ಳಿ ಕಡೆಯ ಒಬ್ಬ ಹುಡುಗಿಗೆ ‘ತಾನೇ ಉಣ್ಣುತ್ತಾಳೆ’ ಎಂಬಲ್ಲಿ ಮಾತ್ರ ಕೆಂಪು. ಅದು ಹಸಿರಾಗದೆ ಅವಳನ್ನು ಗೆಳತಿಯರ ಜೊತೆ ಮೇಲಿನ ತರಗತಿಗೆ ಕಳಿಸುವಂತಿರಲಿಲ್ಲ; ಅದು ನಾನೇ ಮಾಡಿದ ನಿಯಮ.

ಅವಳ ಅಜ್ಜಿ ಬಂದು ನನ್ನೊಡನೆಯೇ ಚೌಕಾಸಿಗೆ ಕೂತರು. “ಒಂದು ಅಸಿರು ಆಕ್ಬುಡವ್ವ. ನಿನ್ ಗಂಟೇನ್ ಓಯ್ತದೆ?”

“ಬೇರೆ ಏನಾದ್ರೂ ಕೇಳಿ ಅಜ್ಜಿ, ಬಿಟ್ಕೊಡ್ತೀನಿ. ಸುಳ್ಳು ಚುಕ್ಕಿ ಹಾಕಲ್ಲ. ಮನೇಲಿ ಯಾರು ಉಣ್ಸೋದು?”

“ನಾನೇ ಕಣವ್ವ. ಮೊಮ್ಮಕ್ಳನ್ನೆಲ್ಲ ಸುತ್ತ ಕೂರಿಸ್ಕಂಡು ಕೈತುತ್ತು ಆಕ್ತೀನಿ. ಅದೂ ತಪ್ಪಾ?”

ಮರುದಿನ ಊಟದ ಹೊತ್ತಿಗೆ ನಾನೇ ಮಕ್ಕಳ ನಡುವೆ ಕೂತೆ. ಪರದೆ ದಾಟಿದ ಬಿಸಿಲು ಮೊಸರಿನಂತೆ ತಣ್ಣಗೆ ಹರಡಿತ್ತು. ಮಕ್ಕಳ ರೆಪ್ಪೆಗಳು ಆಗಲೇ ಭಾರವಾಗಿದ್ದವು. ಆ ಹುಡುಗಿ ತನ್ನ ಡಬ್ಬಿಯ ಮೊಸರನ್ನ ಕಲಸಿ, ತುತ್ತು ಕಟ್ಟಿ, ಪಕ್ಕದವಳ ಬಾಯಿಗಿಟ್ಟಳು. ಇನ್ನೊಂದು ಅದರಾಚೆಯವಳಿಗೆ. ಅವರು ಕಣ್ಣು ತೆರೆಯದೆ ಬಾಯಿ ತೆರೆಯುತ್ತಿದ್ದರು. ಆಮೇಲೆ ತಾನೂ ಬಾಯಿ ತೆರೆದು, ಯಾವುದೋ ಕೈಗಾಗಿ ಸುಮ್ಮನೆ ಕಾದಳು. ತನ್ನ ಕೈ ಇರುವುದೇ ಇನ್ನೊಬ್ಬರ ಬಾಯಿಗೆ ಎಂದು ತಿಳಿದಿದ್ದಳೋ ಏನೋ. ನಾನೊಂದು ತುತ್ತಿಟ್ಟೆ. ಒಡನೆಯೇ ನನ್ನ ತುಟಿಗೂ ಒಂದು ಬಂತು. ನಾನೂ ಕಣ್ಣು ಮುಚ್ಚಿದೆ.

ಶಾಲೆ ನಡೆಸುವವರಿಗೆ ನನ್ನದೊಂದು ಬುದ್ಧಿಮಾತು: ಚುಕ್ಕಿ ಇಡುವ ಮೊದಲು ಮಗುವಿನ ಪಕ್ಕ ಕೂತು ಉಣ್ಣಿ. ಕೆಂಪನ್ನು ಹಾಗೇ ಬಿಟ್ಟು ಅವಳನ್ನು ಮೇಲಿನ ತರಗತಿಗೆ ಕಳಿಸಿದೆ. ಅಲ್ಲಿನ ಟೀಚರಿಗೆ ಹೇಳಿದೆ, “ಊಟಕ್ಕೆ ಇವಳನ್ನ ಮಧ್ಯದಲ್ಲಿ ಕೂರಿಸಿ. ಯಾರಾದ್ರೂ ಒಬ್ರು ಇವಳಿಗೂ ತುತ್ತು ಕೊಡ್ಲಿ.”